ಎಲೆ ಅಲುಗದ ಬಿರುಗಾಳಿ

ಬಾಡಗಂಡಿ
೧೬ ಮೇ ೨೦೨೪, ಗುರುವಾರ

ಪ್ರೀತಿಯ ಕಲ್ಮೇಶಾ,

ನಿನ್ನ ಅವ್ವನ ತುಂಬು ಆಶೀರ್ವಾದ. ಲಡಾಖದ ಚಳಿಗೆ ಎದೆ ಕಟ್ಟಿದೆ ಅಂದಿದ್ದೆ, ಈಗ ಹೇಗಿದೆ? ಕಳಿಸಿದ ಕಷಾಯದ ಪುಡಿ ನೀನೇ ಕುಡಿಯುತ್ತೀಯೋ, ಜೊತೆಯ ಜವಾನರಿಗೆಲ್ಲ ಹಂಚಿ ಕೂತಿದ್ದೀಯೋ? ನನ್ನ ಮೊಣಕಾಲು ಬಿಟ್ಟರೆ ಇಲ್ಲಿ ಎಲ್ಲ ಆರಾಮ. ನಿನ್ನ ಹೆಂಡತಿಯೂ ಆರಾಮ. ಹೊಲ ಅಳೆಯುವ ಸರ್ವೆ ಕೆಲಸ ಬಿಟ್ಟು ಮನೆಯಲ್ಲಿರಲು ಅವಳಿಗೆ ಹೇಳು ಅಂತ ಹೋದ ತಿಂಗಳು ನನ್ನ ಬೆನ್ನು ಹತ್ತಿದ್ದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳೋಣ ಅಂದರೆ ರಾಜಶ್ರೀ ಪಕ್ಕದಲ್ಲೇ ಇರುತ್ತಾಳೆ. ಸೊಸೆಯನ್ನು ಎದುರಿಗೇ ಹೊಗಳುವ ಅಭ್ಯಾಸ ನನಗಿಲ್ಲ.

ಕಳೆದ ಶನಿವಾರ ಅವಳು ರಾಮಲಿಂಗಪ್ಪ, ಭೀಮಶಿ ಅಣ್ಣತಮ್ಮಂದಿರ ಹೊಲದ ಗಡಿ ಗುರುತಿಸಲು ಹೋಗಿದ್ದಳು. ಆ ಒಂದು ಬದುವಿಗಾಗಿ ಇಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟದ್ದು ನಿನಗೆ ಗೊತ್ತೇ ಇದೆ. ಹನ್ನೊಂದು ಗಂಟೆಗೆ ಫೋನ್ ಬಂತು: “ಅತ್ತಿ, ಇವತ್ತ ಬಿರುಗಾಳಿ ಐತ್ರಿ, ಅಳತಿ ಆಗಂಗಿಲ್ಲ. ಮನಿಗೆ ಬರಾಕತ್ತೇನಿ.” ನಾನು ಎದ್ದೆನೋ ಬಿದ್ದೆನೋ ಎಂದು ಮಾಳಿಗೆ ಹತ್ತಿದೆ. ಮೂರು ದಿನ ಕೂತು ಹೊಸೆದ ಶಾವಿಗೆ ಅಲ್ಲಿ ಒಣಗುತ್ತಿತ್ತು. ಅರ್ಧ ಸೆರಗಿಗೆ, ಅರ್ಧ ಬುಟ್ಟಿಗೆ ತುಂಬಿ, ಮುರಿದದ್ದು ಮುರಿಯಲಿ ಅಂತ ಕೆಳಗೆ ತಂದೆ. ಹೊರಗೆ ಬೇವಿನ ಒಂದು ಎಲೆ ಅಲುಗಿದ್ದರೆ ಕೇಳು! ಬಂದವಳು ನನ್ನ ಅವತಾರ ನೋಡಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

ಬಿರುಗಾಳಿ ಎದ್ದದ್ದು ಸೂರ್ಯನಿಂದಂತೆ. ಅಲ್ಲಿಂದ ಸಿಡಿದ ಕಣಗಳು ಭೂಮಿಯ ಕಾಂತಶಕ್ತಿಯನ್ನು ಅಲ್ಲಾಡಿಸಿ, ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳವೆಂಬ ಪದರವನ್ನು ಕದಡಿಬಿಡುತ್ತವಂತೆ. ಅವಳ ಅಳತೆಯ ಯಂತ್ರಕ್ಕೆ ಉಪಗ್ರಹದ ಸಂಕೇತ ಬರುವುದು ಆ ಪದರ ದಾಟಿಯೇ. “ಕಾಲುವಿ ನೀರಾಗ ನಿಂದ್ರಿಸಿದ ಕೋಲು ಸೊಟ್ಟ ಕಾಣತೈತಲ್ರಿ ಅತ್ತಿ, ನೀರು ಅಲ್ಲಾಡಿದರ ಇನ್ನೂ ಕೆಟ್ಟ. ಹಂಗ” ಅಂದಳು. ಒಂದೇ ಜಾಗದಲ್ಲಿ ಮೂರು ಸಲ ಇಟ್ಟರೆ ಯಂತ್ರ ಮೂರು ಕಡೆ ತೋರಿಸಿತಂತೆ, ಎರಡು ಮೊಳ ಆಚೆ ಈಚೆ. ನಿಮ್ಮಲ್ಲಿ ಆಕಾಶ ಕೆಂಪಾಗಿತ್ತು ಅಂದೆಯಲ್ಲ, ಅದೂ ಇದರದೇ ಕೆಲಸವಂತೆ.

ಅಷ್ಟರಲ್ಲಿ ರಾಮಲಿಂಗಪ್ಪ ನಮ್ಮ ಕಟ್ಟೆಗೇ ಬಂದ. “ಬಿರುಗಾಳಿ ಎಲ್ಲೈತಿ ತೋರಿಸ ತಂಗಿ. ಅಳಿಯಾಕ ಬರಂಗಿಲ್ಲಂತ ಹೇಳಿಬಿಡು, ಯಾವನರ ಗಂಡಸನ್ನ ಕರಸತೇನಿ” ಅಂದ. ಸಾಲದ್ದಕ್ಕೆ, ಇವಳು ಭೀಮಶಿಯ ಕಡೆ ವಾಲಿದ್ದಾಳೆ ಎಂದೂ ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಆದರೂ ನಿಜ ಹೇಳಬೇಕೆಂದರೆ, ಬಂದಷ್ಟು ಅಳತೆಗೇ ಒಂದು ಸಹಿ ಹಾಕಿ ಕೈ ತೊಳೆದುಕೊಳ್ಳಬಾರದೇ, ಊರವರ ಬಾಯಿಗೆ ಯಾಕೆ ಬೀಳಬೇಕು ಅಂತ ನನಗೂ ಅನಿಸಿತು. ಅವಳು ದನಿ ಏರಿಸಲಿಲ್ಲ. “ಇವತ್ತ ಕಲ್ಲು ನೆಟ್ಟರ ನಾಳಿ ನಿಮ್ಮ ಮಕ್ಕಳು ಬಡದಾಡತಾರ್ರಿ ಕಾಕಾ. ನಾ ಸಹಿ ಮಾಡಂಗಿಲ್ಲ” ಅಂದಳು.

ಆ ಬಿರುಗಾಳಿ ಇಳಿದ ಮೇಲೆ, ಮಂಗಳವಾರ ಮತ್ತೆ ಹೋದಳು. ನಾನೂ ಮೊಣಕಾಲು ಹಿಡಿದುಕೊಂಡು ಹಿಂದೆಯೇ ಹೋದೆ, ಮನಸ್ಸು ತಡೆಯಲಿಲ್ಲ. ಯಂತ್ರವನ್ನು ಮೂರು ಸಲ ಇಟ್ಟಳು, ಮೂರು ಸಲವೂ ಒಂದೇ ಜಾಗ ತೋರಿಸಿತು. “ಇಲ್ಲಿ ಅಗೀರಿ” ಅಂದಳು. ಮೊಳ ಆಳದಲ್ಲಿ ಗುದ್ದಲಿ ಖಣ್ ಅಂತು. ಅವರಪ್ಪನ ಕಾಲದ ಗಡಿಕಲ್ಲು! ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ನಾಲ್ಕು ವರ್ಷದ ಮೇಲೆ ಇಬ್ಬರೂ ಒಂದೇ ತಂಬಿಗೆಯ ನೀರು ಕುಡಿದರು. ನನ್ನ ಸೊಸೆ ಮಾತ್ರ ಏನೂ ಆಗಿಲ್ಲವೆಂಬಂತೆ ಬೆವರು ಒರೆಸಿಕೊಂಡು ನಕಾಶೆ ಬರೆಯುತ್ತಿದ್ದಳು. ಎದೆ ಉಬ್ಬಿತು ಮಗನೇ. ನೀನು ಮೊದಲ ಸಲ ಸಮವಸ್ತ್ರ ಹಾಕಿಕೊಂಡು ಬಂದ ದಿನವೂ ಇಷ್ಟು ಉಬ್ಬಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗರಿಗೂ ಈ ಅವ್ವ ಹರಸಿದ್ದಾಳೆಂದು ಹೇಳು.

ನಿನ್ನ ಅವ್ವ,
ಶಿವಗಂಗವ್ವ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ನೀನು ಹೇಳಿದ್ದನ್ನು ನಾನು ಅವಳಿಗೆ ಹೇಳಿಲ್ಲ. ಬದಲಿಗೆ, “ಕೆಲಸ ಬಿಡಬ್ಯಾಡ ಅಂತ ಕಲ್ಮೇಶ ಹೇಳ್ಯಾನ” ಅಂದುಬಿಟ್ಟೆ. ಅವಳು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು. ಅರವತ್ತು ವರ್ಷಕ್ಕೆ ನಾನು ಹೇಳಿದ ಮೊದಲ ಸುಳ್ಳು ಇದು. ಪತ್ರ ಮುಟ್ಟಿದ ದಿನವೇ ಅವಳಿಗೆ ಫೋನ್ ಮಾಡಿ, ಖರೆ ಮಾಡು.