ಹಣೆಬೀಜಕ್ಕೆ ಮೊದಲಿನವರಿಗೆ

ಮಲಪ್ರಭೆಯ ಮೇಲ್ದಂಡೆ
ಕ್ರಿ.ಶ. 2417, ಹದಿಮೂರನೆಯ ತಿಂಗಳ ಮೂವತ್ತಮೂರನೆಯ ದಿನ

ನಮ್ಮನ್ನು ಕಾಣದ ಹಿರಿಯರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ, ನಮ್ಮ ಪಂಚಾಂಗವೇ ಹೀಗೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ಮಕ್ಕಳಿಗೆ ಏಳು ತುಂಬಿದ ದಿನ ಹಣೆಯ ಚರ್ಮದಡಿ ಎಳ್ಳುಕಾಳಿನಷ್ಟು ಯಂತ್ರವೊಂದನ್ನು ಇಡುತ್ತಾರೆ. ಅದಕ್ಕೆ ಹಣೆಬೀಜ ಎನ್ನುತ್ತೇವೆ. ಯಾವ ಪಲ್ಯ ಮಾಡಬೇಕು, ಯಾವ ದಾರಿ ಹಿಡಿಯಬೇಕು, ಮುನಿದ ಗೆಳತಿಯನ್ನು ಎಂದು ಮಾತಾಡಿಸಬೇಕು, ಎಲ್ಲವನ್ನೂ ಅದೇ ಹೇಳುತ್ತದೆ. ಬೀಜವಿಟ್ಟ ದಿನ ಓಣಿಗೆಲ್ಲ ಹೋಳಿಗೆ ಹಂಚುತ್ತೇವೆ. ಸುಖವಾಗಿಯೇ ಇದ್ದೆವು, ಸುಳ್ಳೇಕೆ ಹೇಳಲಿ.

ಹೋದ ವರ್ಷ ನದಿಯ ಸೇತುವೆ ಮುರಿದ ದಿನವೇ ಬೀಜಗಳೂ ಮೂಕವಾದವು. ಅವು ಕೊನೆಗೆ ಹೇಳಿದ್ದು ಸೇತುವೆ ದಾಟಿ ಎಂದು. ನಲವತ್ತು ಜನ ಮುರಿದ ಸೇತುವೆಯ ಮುಂದೆ ಉರಿಬಿಸಿಲಲ್ಲಿ ಸಂಜೆಯವರೆಗೆ ನಿಂತೆವು. ನದಿ ಹರಿಯುವತ್ತ ನೂರು ಹೆಜ್ಜೆ ಕೆಳಗೆ ನೀರು ಮೊಣಕಾಲುದ್ದವೂ ಇರಲಿಲ್ಲ. ಅಲ್ಲಿ ದಾಟಬಹುದೆಂದು ಯಾರಿಗೂ ತೋಚಲಿಲ್ಲ. ನನ್ನ ಅವ್ವ ಬಿಸಿಲಿಗೆ ಬವಳಿ ಬಂದು ಅಲ್ಲೇ ಕುಸಿದುಬಿದ್ದಳು. ಪಕ್ಕದಲ್ಲಿ ನಾನೂ ನಿಂತೇ ಇದ್ದೆ, ದಡ್ಡಿ. ಮರುದಿನ ಬೀಜಗಳು ಮತ್ತೆ ಮಾತಾಡಿದವು, ಊರು ಎಲ್ಲವನ್ನೂ ಮರೆಯಿತು.

ಅವ್ವನಿಗೆ ಆರೈಕೆ ಮಾಡಿದ ವೈದ್ಯೆ ನನಗೆ ಬಿಡಿಸಿ ಹೇಳಿದಳು. ಎರಡು ದಾರಿಗಳನ್ನು ತೂಗಿ ನೋಡುವುದು, ರೂಢಿಗೆ ತಡೆಹಾಕಿ ಹೊಸದಕ್ಕೆ ಹೊರಳುವುದು ಹಣೆಯ ಹಿಂದಿರುವ ಮಿದುಳಿನ ಕೆಲಸವಂತೆ. ನಮ್ಮದು ಬಳಸದೆ ಸೊರಗಿದೆಯಂತೆ. ಅವಳು ಅವ್ವನ ಮುಂದೆ ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ಹರಡಿ, ಮೊದಲು ಬಣ್ಣ ನೋಡಿ ಜೋಡಿಸಲು ಹೇಳಿದಳು. ನಡುವೆ ನಿಯಮ ಬದಲಿಸಿ, ಇನ್ನು ಆಕಾರ ನೋಡಿ ಎಂದಳು.

“ಗೊತ್ತೈತಿ ತಂಗಿ, ಈಗ ಆಕಾರ ನೋಡಬೇಕು,” ಎನ್ನುತ್ತಲೇ ಅವ್ವ ಕೆಂಪಿನ ಮೇಲೆ ಕೆಂಪನ್ನೇ ಇಟ್ಟಳು. ಮತ್ತೆ ಮತ್ತೆ ಇಟ್ಟಳು. ನನಗೆ ಅಳು ತಡೆಯಲಾಗಲಿಲ್ಲ.

ನಾನು ಬೀಜ ತೆಗೆಸಿಕೊಂಡೆ. ಮೊದಲ ದಿನ ಹೀರೆಕಾಯಿಯೋ ಬದನೆಕಾಯಿಯೋ ಎಂದು ಮಧ್ಯಾಹ್ನದವರೆಗೆ ಒಲೆಯ ಮುಂದೆ ನಿಂತಿದ್ದೆ. ಮಗಳು ಕಸ್ತೂರಿ ಹಸಿದು, “ಯಾವುದರ ಒಂದು ಮಾಡಬೇ ಯವ್ವಾ!” ಎಂದು ಕೂಗಿದಳು. ಈಗ ಗಳಿಗೆಯಲ್ಲಿ ಮುಗಿಸುತ್ತೇನೆ, ಉಪ್ಪು ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ.

ನಾಡಿದ್ದು ಅವಳಿಗೆ ಏಳು ತುಂಬುತ್ತದೆ. ಬೀಜವಿಲ್ಲದ ಮಗುವನ್ನು ಶಾಲೆಗೆ ಸೇರಿಸುವುದಿಲ್ಲ, ಓಣಿಯ ಮಕ್ಕಳು ಆಟಕ್ಕೆ ಕರೆಯುವುದಿಲ್ಲ. ಒಪ್ಪಿಗೆಪತ್ರ ಹಿಡಿದು ಮೂರು ದಿನ ಕೂತೆ. ಇಂದು ‘ಬೇಡ’ ಎಂದು ಬರೆದೆ. ಸರಿಯೋ ತಪ್ಪೋ ತಿಳಿಯದು, ಭಯವಾಗುತ್ತಿದೆ. ನಿಮ್ಮಲ್ಲಿ ಯಾರಾದರೂ ಇಂಥ ಬೀಜ ಹಿಡಿದು ಬಂದರೆ, ದಯವಿಟ್ಟು ನೀವೂ ಮೂರು ದಿನ ಕೂತು ಯೋಚಿಸಿ.

ದೊಡ್ಡವಳಾದ ಮೇಲೆ ಕಸ್ತೂರಿ ನನ್ನನ್ನು ಬೈಯಬಹುದು. ಬೈಯಲಿ. ಬೈಯಬೇಕೋ ಬೇಡವೋ ಎಂಬುದನ್ನು ಅವಳೇ ತೀರ್ಮಾನಿಸಿರುತ್ತಾಳೆ.

ನಿಂಬೆವ್ವ