ಉಜ್ಜಿ ಬರೆದ ಅರವತ್ತು

ಉತ್ತರ ಮಿಷಿಗನ್
ಅಕ್ಟೋಬರ್ 26, 1986

ಪ್ರೀತಿಯ ಇರ್ಮಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ತಡವಾಯಿತೆಂದು ಬೇಸರಿಸಬೇಡ. ಪೆನ್ನು ಹಿಡಿದಾಗಲೆಲ್ಲ ನಿನ್ನ ಅಪ್ಪನನ್ನು ಬಯ್ಯುವ ಮಾತೇ ಮುಂದೆ ಬರುತ್ತಿತ್ತು, ಎತ್ತಿಡುತ್ತಿದ್ದೆ. ಇವತ್ತು ಬಯ್ದೇ ಬರೆಯುತ್ತೇನೆ. ಮಗುವಿಗೆ ಹಲ್ಲು ಬಂತೇ? ಉಣ್ಣೆಯ ಕಾಲುಚೀಲ ಇದರ ಜೊತೆಗಿದೆ.

ವಸಂತದಲ್ಲಿ ಅವನ ಭುಜದ ಆಪರೇಷನ್ ಆಯಿತಲ್ಲ, ಅದಾದ ಮೇಲೆ ಜಿಂಕೆ ಬೇಟೆಗೆ ಹೊಸ ಬಿಲ್ಲು ಮಾಡಿಕೊಡು ಎಂದ. ಬಿಲ್ಲು ಮಾಡುವ ಮುಂಚೆ ನಾನು ಮಾಡುವ ಪರೀಕ್ಷೆ ನಿನಗೆ ನೆನಪಿರಬೇಕು. ದಪ್ಪ ಕೋಟು ತೊಡಿಸಿ, ಚಳಿಯಲ್ಲಿ ಕೂರಿಸಿ, ಮೈ ಮರಗಟ್ಟಿದ ಮೇಲೆ ಹೆದೆ ಎಳೆಸುವುದು. ಆಗ ಎಷ್ಟು ಬಿಗಿ ದಕ್ಕುತ್ತದೋ ಅಷ್ಟೇ ಅವರವರ ಬಿಲ್ಲು. ಅರವತ್ತು ಪೌಂಡು ಬಿಗಿಯದನ್ನು ಎಳೆಯಲು ಬಿಲ್ಲನ್ನು ಆಕಾಶಕ್ಕೆತ್ತಿ ಒದ್ದಾಡಿದ. ಐವತ್ತಕ್ಕೂ ಕೈ ನಡುಗಿತು. ನಲವತ್ತೈದು ಮಾತ್ರ ಸದ್ದಿಲ್ಲದೆ ಕೆನ್ನೆಯವರೆಗೆ ಬಂದು ನಿಂತಿತು.

"ಇದು ಹೆಂಗಸರ ಬಿಲ್ಲು ಕಣೇ," ಎಂದ.

"ಜಿಂಕೆ ಅಂಕಿ ಓದಲ್ಲ ಬಿಡು. ಮೊನೆ ಚೂಪಾಗಿದ್ದು ಹತ್ರದಿಂದ ಹೊಡೆದ್ರೆ ಇಷ್ಟೇ ಸಾಕು," ಎಂದೆ.

ಮಾಡಿ, ಹಿಡಿಯ ಮೇಲೆ ಮಸಿಯಲ್ಲಿ ನಲವತ್ತೈದು ಎಂದು ಬರೆದುಕೊಟ್ಟೆ. ಆ ಅಂಕಿ ನಾನು ಕೊಟ್ಟ ಮಾತು. ಅದನ್ನು ನಂಬಿಯೇ ಜನ ಬಾಣ ಆರಿಸುತ್ತಾರೆ.

ಬಿಲ್ಲುಗಾರರ ಕ್ಲಬ್ಬಿನಲ್ಲಿ ಅರ್ವೋ ಎಂಬ ಬಾಯಿಬಡುಕ ಇದ್ದಾನಲ್ಲ, ಅವನು ಅದನ್ನು ನೋಡಿ ಕೇಳಿದನಂತೆ, "ಏನಯ್ಯಾ ವಿಲ್ಹೋ, ಆಪರೇಷನ್ ಆಗಿದ್ದು ಭುಜಕ್ಕೋ ಗಂಡಸ್ತನಕ್ಕೋ?" ಅಷ್ಟಕ್ಕೇ ನಿನ್ನ ಅಪ್ಪ ಉಪ್ಪುಕಾಗದ ಹಿಡಿದು ನನ್ನ ಅಂಕಿಯನ್ನು ಉಜ್ಜಿಹಾಕಿ ಅರವತ್ತು ಎಂದು ಬರೆದುಕೊಂಡ. ನನಗೆ ಆಗ ತಿಳಿಯಲಿಲ್ಲ. ಅದನ್ನು ನಂಬಿ ಗೆಳೆಯರು ಹುಟ್ಟುಹಬ್ಬಕ್ಕೆ ಅರವತ್ತರ ಬಿಲ್ಲಿಗೆ ತಕ್ಕ ಗಡುಸಾದ, ಭಾರದ ಬಾಣಗಳನ್ನು ಕೊಟ್ಟರು. ಈಗ ಅವನ್ನು ಹೊಡೆಯದೆ ಗತಿಯಿಲ್ಲ. ನಲವತ್ತೈದರ ಬಿಲ್ಲಿಗೆ ಅಷ್ಟು ಗಡುಸು ಬಾಣ ಹೊಂದದು, ಅಂಗಳದಲ್ಲಿಯೇ ಎಡಕ್ಕೆ ಜಾರುತ್ತಿದ್ದವು. "ಭುಜ ಇನ್ನೂ ಹದಕ್ಕೆ ಬಂದಿಲ್ಲ," ಎಂದ. ನಾನು ಪೆದ್ದಿ, ನಂಬಿದೆ.

ಗುರುವಾರ ಸಂಜೆ ಬೇಟೆಯಿಂದ ಬಂದು, "ಗುರಿ ತಪ್ಪಿತು," ಎಂದು ಹೇಳಿ ಹೊಟ್ಟೆ ತುಂಬ ಉಂಡು ಮಲಗಿದ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಬಾಣ ಸಿಕ್ಕಿತು. ಮೈಯೆಲ್ಲ ಹಸಿರು ಲೋಳೆ, ಗಬ್ಬುನಾತ. ಜಿಂಕೆಯ ಹೊಟ್ಟೆಯನ್ನು ತೂರಿ ಆಚೆ ಬಿದ್ದ ಬಾಣ ಅದು. ಅಂಥ ಜಿಂಕೆ ಎಷ್ಟು ಹೊತ್ತು ನರಳುತ್ತದೆ ಎಂಬುದು ನಿನಗೂ ಗೊತ್ತು. ಸ್ವಲ್ಪ ಹೊತ್ತು ಬಿಟ್ಟು, ಗೆಳೆಯರನ್ನು ಕರೆದುಕೊಂಡು ಹೋಗಿ ಅದನ್ನು ಹುಡುಕಿ ಮುಗಿಸುವುದು ನಮ್ಮಲ್ಲಿ ದೇವರ ಕೆಲಸದ ಹಾಗೆ.

"ಯಾಕೆ ಯಾರನ್ನೂ ಕರೀಲಿಲ್ಲ?" ಎಂದೆ.

"ಬಂದೋರು ಬಾಣ ಯಾಕೆ ಹೀಗೆ ಹೋಯ್ತು ಅಂತ ಬಿಲ್ಲು ಎಳೆದು ನೋಡ್ತಾರಲ್ಲೇ," ಎಂದ.

ಆಗಲೇ ನಾನು ಬಿಲ್ಲನ್ನು ಕೈಗೆತ್ತಿಕೊಂಡು, ಅವನು ಬರೆದ ಅರವತ್ತನ್ನು ನೋಡಿದ್ದು.

ಒಬ್ಬಳೇ ಹೋದೆ. ಜೌಗಿನ ಅಂಚಿನಲ್ಲಿ ಹೆಣ್ಣುಜಿಂಕೆ ಬಿದ್ದಿತ್ತು. ತೋಳಗಳು ಹಿಂದಿನಿಂದ ತಿಂದಿದ್ದವು. ನೀರು ಹುಡುಕಿ ತೆವಳಿದ ಗುರುತು ಕೆಸರಿನ ಉದ್ದಕ್ಕೂ ಇತ್ತು. ಥೂ, ಇರ್ಮಾ, ಇಷ್ಟು ವರ್ಷ ಸಂಸಾರ ಮಾಡಿದವನ ಮೇಲೆ ಇಷ್ಟು ಹೇಸಿಗೆ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ. ಕ್ಲಬ್ಬಿನಲ್ಲಿ ಗಾಳಿ ಬೀಸಿತು ಎಂದು ಹೇಳಿದ್ದಾನಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಿನ್ನೆ ಶನಿವಾರ, ಹಬೆಸ್ನಾನಕ್ಕೆ ಸೌನಾ ತುಂಬ ಚೆನ್ನಾಗಿ ಕಾದಿತ್ತು ಎಂದು ಮೆಚ್ಚಿಕೊಂಡ. ಬಿಲ್ಲನ್ನು ಗರಗಸದಲ್ಲಿ ಕೊಯ್ದು ಅದರ ಒಲೆಗೆ ಹಾಕಿದ್ದೆ. ಬಿಲ್ಲೆಲ್ಲಿ ಎಂದು ಅವನು ಇನ್ನೂ ಕೇಳಿಲ್ಲ.

ನಿನಗೂ ಮಗುವಿಗೂ ಒಳ್ಳೆಯದಾಗಲಿ. ಚಳಿಗೆ ಹುಷಾರಾಗಿರಿ.

ನಿನ್ನ ಅಮ್ಮ,
ಐಲಿ

ಮರೆತಿದ್ದು: ಅಂಕಿಯ ಕೆಳಗೆ ನನ್ನ ಹೆಸರು ಬರೆಯುತ್ತೇನಲ್ಲ, ಅದನ್ನೂ ಉಜ್ಜಿದ್ದ. ಬಿಲ್ಲು ನೋಡಿದ ದಿನವೇ ಯಾಕೆಂದು ಕೇಳಿದೆ. "ಹೆಂಡ್ತಿ ಹೆಸರಿದ್ರೆ ಅರವತ್ತು ಅಂತ ಯಾರು ನಂಬ್ತಾರೆ," ಎಂದ. ಇರಲಿ ಎಂದುಕೊಂಡೆ. ಆದರೂ ತಡೆಯಲಾಗದೆ ನಿನ್ನೆ ಕ್ಲಬ್ಬಿಗೆ ಹೋಗಿ, ಗೋಡೆಗೆ ತೂಗುಹಾಕಿದ ಅವನ ಹಳೆಯ ಬಿಲ್ಲುಗಳನ್ನು ಇಳಿಸಿ ನೋಡಿದೆ. ಅವನ ತೋಳು ಗಟ್ಟಿಯಿದ್ದಾಗ ನಾನೇ ಮಾಡಿಕೊಟ್ಟವು. ಅವುಗಳ ಮೇಲಿನ ಅರವತ್ತು ನಿಜವಾದ ಅರವತ್ತೇ, ನನ್ನ ಕೈಬರಹವೇ. ಅದರ ಕೆಳಗೆ ನನ್ನ ಹೆಸರು ಮಾತ್ರ ಒಂದರಲ್ಲೂ ಇಲ್ಲ.