ಎರಡು ಬಾಗಿಲು, ಒಬ್ಬಳೇ ಅಜ್ಜಿ

ಐನಾಪುರ

ಅಜ್ಜಿ,

ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗ ಮಂಗಸೂಳಿಯಲ್ಲಿದ್ದೀಯಲ್ಲ, ಅಲ್ಲಿ ಅತ್ತೆಯಿಂದ ಓದಿಸಿಕೋ.

ಚಿಕ್ಕೋಡಿ ಕಾಲೇಜಿಗಾಗಿ ನಮ್ಮ ಮನೆಯದೇ ಒಂದು ಕಂಪ್ಯೂಟರ್ ಗೇಮ್ ಮಾಡಿದೆ. ಅಪ್ಪ, ಕಾಕಾ ಬೇರೆಯಾದಾಗ ಎತ್ತಿದ ನಡುಗೋಡೆಯೂ ಅದರಲ್ಲಿತ್ತು. ಆದರೆ ನಮ್ಮ ಮುಂಬಾಗಿಲಿಂದ ಹೊಕ್ಕರೆ ಒಬ್ಬ ಅಜ್ಜಿ, ಕಾಕಾನ ಹಿಂಬಾಗಿಲಿಂದ ಹೊಕ್ಕರೆ ಇನ್ನೊಬ್ಬಳು. ಇಬ್ಬರೂ ರೊಟ್ಟಿ ಬಡಿಯುತ್ತ ಕೂತಿದ್ದರು. ಸರ್ ‘ಸಿಂಗಲ್‌ಟನ್’ ಎಂಬ ಪದ್ಧತಿ ಕಲಿಸಿದರು. ಯಾರು ಎಲ್ಲಿಂದ ಕೇಳಿದರೂ ಹೊಸಬಳನ್ನು ಹುಟ್ಟಿಸಬಾರದು, ಇರುವ ಒಬ್ಬಳನ್ನೇ ಕೊಡಬೇಕು. ಹಾಗೇ ಬರೆದೆ. ಆಗ ನೀನು ಒಂದೇ ಕಡೆ ಉಳಿದೆ, ಇನ್ನೊಂದು ಕಡೆಯ ಒಲೆ ಆರಿತು. ಕೊನೆಗೆ ಗೇಮಿನ ಗೋಡೆಗೊಂದು ಬಾಗಿಲು ಇಟ್ಟೆ.

ಅಪ್ಪ ನೋಡಿ ಎದ್ದು ಹೋದ. ಕಾಕಾ, “ಗ್ವಾಡ್ಯಾಗ ಬಾಗಲಾ ಯಾರನ್ನ ಕೇಳಿ ಇಟ್ಟಿ?” ಅಂದ.

“ಓಣಿ ಸುತ್ತಿ ಬಂದ್ರ ಅಜ್ಜಿ ಮೊಣಕಾಲ ನೋಯ್ತಾವ ಕಾಕಾ” ಅಂದೆ.

ನಿನ್ನೆ ನಿಜವಾದ ಗೋಡೆಯನ್ನೇ ಅಳೆಯಲು ಗೌಂಡಿ ಬಂದಿದ್ದ. ಅವನ ಟೇಪಿನ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ಕಾಕಾನ ಕೈಯಲ್ಲಿತ್ತು. “ಹೊಸ್ತಿಲಾ ಇಡೂದೋ ಬ್ಯಾಡೋ, ಅವ್ವನ್ನ ಕೇಳು” ಅಂತ ಇಬ್ಬರೂ ಅಂದಿದ್ದಾರೆ.

ಹೊಸ್ತಿಲು ಬೇಡ ಅನ್ನು ಅಜ್ಜಿ. ಎಡವುತ್ತೀ.

ನಿನ್ನ ಮೊಮ್ಮಗಳು,
ಸಪನಾ